ನಿಗಾ ಖಾತೆಗೆ ಸೂಪರ್‌ಯೂಸರ್ ಯಾಕೆ? ಪಿಜಿ_ಮಾನಿಟರ್ ಸಾಕು

ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕಣ್ಣಿಟ್ಟು ಗ್ರಾಫಿಗೆ ಅಂಕಿಅಂಶ ಕೊಡುವ ಪ್ರೋಗ್ರಾಮ್‌ಗೆ, ಅಂದರೆ ಎಕ್ಸ್‌ಪೋರ್ಟರ್‌ಗೆ, ಮೂರು ಥರದ ಖಾತೆ ಕೊಡಬಹುದು: ಸೂಪರ್‌ಯೂಸರ್ (ಎಲ್ಲ ಅಧಿಕಾರವೂ ಇರುವ ಖಾತೆ), ಕೈಯಾರೆ ಒಂದೊಂದೇ ಅನುಮತಿ ಕೊಟ್ಟ ಖಾತೆ, ಇಲ್ಲವೇ ಪಿಜಿ_ಮಾನಿಟರ್ ರೋಲ್ (ನಿಗಾಕ್ಕೆ ಬೇಕಾದ ಅನುಮತಿಗಳ ಸಿದ್ಧ ಕಟ್ಟು) ಇರುವ ಖಾತೆ. ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬು ತೂಗುವ ಕಾಟಾ ಸರ್ವರ್‌ನಲ್ಲಿ ಮೂರನ್ನೂ ಹಾಕಿ ನೋಡಿಯಾಗಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಮೂರನೆಯದಕ್ಕೆ.

ಸೂಪರ್‌ಯೂಸರ್ ಕೊಟ್ಟರೆ ಎರಡು ನಿಮಿಷದ ಕೆಲಸ. ಆದರೆ ಅದರ ಪಾಸ್‌ವರ್ಡ್ ಎಕ್ಸ್‌ಪೋರ್ಟರ್‌ನ ಕಾನ್ಫಿಗ್ ಫೈಲಿನಲ್ಲಿ ಬತ್ತಲೆಯಾಗಿ ಕೂತಿರುತ್ತದೆ. ಅದು ಕೈಗೆ ಸಿಕ್ಕವರು ರೈತರ ಬಿಲ್ಲು ಓದುವುದಷ್ಟೇ ಅಲ್ಲ, ‘ಕಾಪಿ ಟು ಪ್ರೋಗ್ರಾಮ್’ ಬಳಸಿ ಸರ್ವರ್‌ನಲ್ಲೇ ಕಮಾಂಡ್ ಓಡಿಸಬಹುದು.

ಕೈಯಾರೆ ಅನುಮತಿ ಕೊಡುವುದು 9.6 ಮತ್ತು ಹಿಂದಿನ ಆವೃತ್ತಿಗಳಿಗೆ ಸರಿ. ಸೆಕ್ಯುರಿಟಿ ಡಿಫೈನರ್ ಫಂಕ್ಷನ್ (ಕರೆದವರದಲ್ಲ, ಒಡೆಯನ ಅಧಿಕಾರದಲ್ಲಿ ಓಡುವುದು) ಬರೆದು ಕಾಯುತ್ತ ಕೂರುವ ಕೆಲಸ, ಈಗ ಬೇಡ.

ಆವೃತ್ತಿ 10ರಿಂದ ‘ಗ್ರಾಂಟ್ ಪಿಜಿ_ಮಾನಿಟರ್ ಟು ನಿಗಾ’ ಅಂದರೆ ಮುಗಿಯಿತು. ಬೇರೆಯವರ ಕ್ವೆರಿ ಇರುವ ಜಾಗದಲ್ಲಿ ‘ಇನ್‌ಸಫಿಷಿಯಂಟ್ ಪ್ರಿವಿಲೇಜ್’ ಅಂತ ಬರುತ್ತಿದ್ದುದು ನಿಲ್ಲುತ್ತದೆ. ಟೇಬಲ್ಲಿನೊಳಗಿನ ಸಾಲು ಮಾತ್ರ ಕಾಣುವುದಿಲ್ಲ, ಕಾಣಲೂಬಾರದು.

ಕಿರಿಕಿರಿ ಇರುವುದು ಒಂದೇ ಕಡೆ. ಒಟ್ಟಿಗೆ ಎಷ್ಟು ಕನೆಕ್ಷನ್ ಇರಬಹುದು ಅನ್ನುವ ಮಿತಿ, ಮ್ಯಾಕ್ಸ್_ಕನೆಕ್ಷನ್ಸ್, ತಾನಾಗಿ 100 ಇರುತ್ತದೆ, ಅದರಲ್ಲಿ ಕೊನೆಯ 3 ಸೂಪರ್‌ಯೂಸರ್‌ಗೆ ಮೀಸಲು. ಹಂಗಾಮಿನಲ್ಲಿ ಗೇಟಿನಾಚೆ ಟ್ರ್ಯಾಕ್ಟರ್ ಸಾಲು ನಿಂತಾಗ ತೂಕದ ಚೀಟಿಯ ಸಾಫ್ಟ್‌ವೇರ್ ಕನೆಕ್ಷನ್ ತೆರೆಯುತ್ತದೆ, ಮುಚ್ಚುವುದಿಲ್ಲ. 97 ತುಂಬಿದ ಕೂಡಲೇ ನಿಗಾ ಖಾತೆಗೂ ಬಾಗಿಲು ಬಂದ್. ಗ್ರಾಫ್ ಬೇಕಾಗುವುದೇ ಆ ಹತ್ತು ನಿಮಿಷಕ್ಕೆ, ಗ್ರಾಫಿನಲ್ಲಿ ಖಾಲಿ ಬೀಳುವುದೂ ಅದೇ ಹತ್ತು ನಿಮಿಷ. ಸೂಪರ್‌ಯೂಸರ್ ಪರ ವಾದಿಸುವವರ ಬಳಿ ಗಟ್ಟಿಯಾದ ಮಾತು ಅಂತ ಇರುವುದು ಇದೊಂದೇ.

ಆವೃತ್ತಿ 16ರಲ್ಲಿ ಇದಕ್ಕೆ ನೇರ ಮದ್ದಿದೆ. ಸೂಪರ್‌ಯೂಸರ್ ಅಲ್ಲದ ಖಾತೆಗೂ ಕನೆಕ್ಷನ್ ಮೀಸಲಿಡುವ ರಿಸರ್ವ್ಡ್_ಕನೆಕ್ಷನ್ಸ್ ತಾನಾಗಿ 0 ಇರುತ್ತದೆ, ಅದನ್ನು 2 ಮಾಡಿ ನಿಗಾ ಖಾತೆಗೆ ಪಿಜಿ_ಯೂಸ್_ರಿಸರ್ವ್ಡ್_ಕನೆಕ್ಷನ್ಸ್ ರೋಲ್ ಕೊಡಬೇಕು. ಸರ್ವರ್ ರೀಸ್ಟಾರ್ಟ್ ಬೇಕು, ರೀಲೋಡ್ ಸಾಲದು. ಅದಕ್ಕಿಂತ ಹಳೆಯದಾದರೆ ತೂಕದ ಚೀಟಿಯ ಆ್ಯಪ್‌ನ ಖಾತೆಗೇ ಮೂಗುದಾರ ಹಾಕಿ: ‘ಆಲ್ಟರ್ ರೋಲ್ ಕಾಟಾ ಕನೆಕ್ಷನ್ ಲಿಮಿಟ್ 90’. ರೀಸ್ಟಾರ್ಟ್ ಬೇಡ, ಹೊಸದಾಗಿ ಬರುವ ಕನೆಕ್ಷನ್‌ಗೆ ಆಗಲೇ ಲಾಗು. ಆದರೆ ಆ್ಯಪ್ ಕೂಡ ಪೋಸ್ಟ್‌ಗ್ರೆಸ್ ಅನ್ನುವ ಸೂಪರ್‌ಯೂಸರ್ ಹೆಸರಲ್ಲೇ ಒಳಗೆ ಬರುತ್ತಿದ್ದರೆ (ಎಷ್ಟೋ ಕಡೆ ಹಾಗೇ ಇರುತ್ತದೆ) ಈ ಮಿತಿ ಲೆಕ್ಕಕ್ಕಿಲ್ಲ, ಮೀಸಲಿಟ್ಟ 3 ಕೂಡ ಅದೇ ನುಂಗುತ್ತದೆ. ಮೊದಲು ಆ್ಯಪ್‌ಗೆ ಬೇರೆ ಖಾತೆ ಮಾಡಿ.

ನಿಗಾ ಖಾತೆಗೂ ಲಿಮಿಟ್ 2 ಇಡಿ. ಯಾರು ಎಲ್ಲಿಂದ ಒಳಗೆ ಬರಬಹುದು ಅನ್ನುವ ಪಿಜಿ_ಎಚ್‌ಬಿಎ ಫೈಲಿನಲ್ಲಿ ಆ ಖಾತೆಗೆ 127.0.0.1/32 (ಅದೇ ಮಷಿನ್) ಮಾತ್ರ.

ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯುಎಲ್‌ನಲ್ಲಿ ಪಿಜಿ_ಮಾನಿಟರ್‌ನಂಥ ಸಿದ್ಧ ರೋಲ್ ಇಲ್ಲ. ಪ್ರೋಸೆಸ್, ರೆಪ್ಲಿಕೇಷನ್ ಕ್ಲೈಂಟ್, ಪರ್ಫಾರ್ಮೆನ್ಸ್_ಸ್ಕೀಮಾ ಮೇಲೆ ಸೆಲೆಕ್ಟ್, ಇಷ್ಟು ಅನುಮತಿ ಕೈಯಾರೆ ಕೊಡಬೇಕು. ಇಷ್ಟೇ ಕೊಟ್ಟರೆ ಇನ್‌ಫರ್ಮೇಷನ್_ಸ್ಕೀಮಾದ ಟೇಬಲ್ಸ್ ಪಟ್ಟಿಯಲ್ಲಿ ಆ್ಯಪ್‌ನ ಟೇಬಲ್‌ಗಳ ಗಾತ್ರ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಗಾತ್ರ ಬೇಕೆಂದು ಎಲ್ಲದರ ಮೇಲೂ ಸೆಲೆಕ್ಟ್ ಕೊಟ್ಟರೆ ರೈತರ ಬ್ಯಾಂಕ್ ಖಾತೆ ನಂಬರೂ ತೆರೆದಂತೆ. ಪೋಸ್ಟ್‌ಗ್ರೆಸ್‌ನಲ್ಲಿ ಗಾತ್ರ ನೋಡಲು ಟೇಬಲ್ ಓದುವ ಅನುಮತಿಯೇ ಬೇಕಿಲ್ಲ.

ಒಂದೇ ಮಷಿನ್, ನೋಡಿಕೊಳ್ಳುವವನು ಒಬ್ಬನೇ, ದುಡ್ಡು ಕೊಟ್ಟು ಟೂಲ್ ಕೊಳ್ಳುವ ಮಾತೇ ಇಲ್ಲ ಅನ್ನುವಲ್ಲಿ ಪಿಜಿ_ಮಾನಿಟರ್ ಜೊತೆಗೆ ಲಿಮಿಟ್ 90 ಸಾಕು. 16ಕ್ಕೆ ಏರುವುದನ್ನು ಹಂಗಾಮು ಮುಗಿದ ಮೇಲೆ ನೋಡಿಕೊಂಡರಾಯಿತು.