ಪಾಸರ್ ರೇಟಿಂಗ್, ಎಎನ್‌ವೈ/ಎ, ಕ್ಯೂಬಿಆರ್: ಕ್ವಾರ್ಟರ್‌ಬ್ಯಾಕನ್ನು ಅಳೆಯಲು ಯಾವುದು ಸರಿ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಜೊತೆಗಾರರಿಗೆ ಎಸೆದು (ಪಾಸ್) ದಾಳಿ ನಡೆಸುವವನು ಕ್ವಾರ್ಟರ್‌ಬ್ಯಾಕ್; ಅವನ ಎಸೆತಗಳಿಗೆ ಸಿಗುವ ಅಂಕ ಪಾಸರ್ ರೇಟಿಂಗ್. 2011ರಲ್ಲಿ ಆರನ್ ರಾಜರ್ಸ್ ಪಡೆದ 122.5, ಆ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ಸೀಸನ್ನಿನ ಪಾಸರ್ ರೇಟಿಂಗ್ ದಾಖಲೆ. 2004ರಲ್ಲಿ ಪೇಟನ್ ಮ್ಯಾನಿಂಗ್ ಪಡೆದದ್ದು 121.1. ಹಾಗಾದರೆ ರಾಜರ್ಸ್ ಮೇಲೆಂದು ಒಪ್ಪಿಬಿಡಬೇಕೇ? ಇಬ್ಬರ ಅಂಕಿಗಳನ್ನೂ ಸ್ಪ್ರೆಡ್‌ಶೀಟ್‌ಗೆ ಹಾಕಿ ಬೇರೆ ಸೂತ್ರದಲ್ಲಿ ಲೆಕ್ಕ ಮಾಡಿದೆ. ಕ್ರಮ ತಿರುಗಿಬಿತ್ತು.

1973ರಲ್ಲಿ ಲೀಗ್ ಅಳವಡಿಸಿಕೊಂಡ ರೇಟಿಂಗ್ ನಾಲ್ಕನ್ನು ಮಾತ್ರ ನೋಡುತ್ತದೆ: ಜೊತೆಗಾರನ ಕೈಸೇರಿದ ಪಾಸ್‌ಗಳು, ಅವುಗಳಿಂದ ಗಳಿಸಿದ ಗಜಗಳು, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು), ಇಂಟರ್‌ಸೆಪ್ಷನ್ (ಪಾಸನ್ನು ಎದುರಾಳಿ ಹಿಡಿಯುವುದು). ಪ್ರತಿಯೊಂದಕ್ಕೂ 2.375 ಮಿತಿ, ಒಟ್ಟು ಗರಿಷ್ಠ 158.3. ಸೂತ್ರವನ್ನು ಬಿಡಿಸಿ ಎಲ್ಲವನ್ನೂ ಗಜಕ್ಕೆ ಇಳಿಸಿದರೆ ಅದರ ಒಲವು ಬಯಲಾಗುತ್ತದೆ. ಆ ಮಿತಿಗಳೊಳಗೆ, ಕೈಸೇರಿದ ಪ್ರತಿ ಪಾಸ್‌ಗೂ 20 ಗಜದ ಇನಾಮು, ಟಚ್‌ಡೌನ್‌ಗೆ 80 ಗಜ, ಇಂಟರ್‌ಸೆಪ್ಷನ್‌ಗೆ 100 ಗಜದ ದಂಡ. 10 ಗಜ ಮುಂದೆ ಸಾಗಲು ತಂಡಕ್ಕೆ ಸಿಗುವುದು ನಾಲ್ಕು ಯತ್ನ, ಅಂದರೆ ಡೌನ್. ಮೂರನೆಯ ಡೌನ್‌ನಲ್ಲಿ 10 ಗಜ ಬೇಕಿರುವಾಗ 2 ಗಜದ ಪಾಸ್ ಕೊಟ್ಟರೆ ತಂಡ ಸಾಮಾನ್ಯವಾಗಿ ಚೆಂಡನ್ನು ಪಂಟ್ ಮಾಡಬೇಕಾಗುತ್ತದೆ, ಅಂದರೆ ಒದ್ದು ಎದುರಾಳಿಗೆ ಬಿಟ್ಟುಕೊಡಬೇಕಾಗುತ್ತದೆ. ರೇಟಿಂಗ್ ಮಾತ್ರ ಆ ಆಟಗಾರನ ಖಾತೆಗೆ 22 ಗಜ ಬರೆಯುತ್ತದೆ. ಪಂದ್ಯವಿಡೀ ಪ್ರತಿ ಪಾಸನ್ನೂ ನೆಲಕ್ಕೆ ಎಸೆದವನಿಗೂ 39.6 ದಕ್ಕುತ್ತದೆ! ಅರ್ಧ ಶತಮಾನದಿಂದ ನಡೆದುಬಂದಿದೆ ಎಂಬ ಕಾರಣಕ್ಕೆ ಇದನ್ನು ಒಪ್ಪಿಕೊಳ್ಳಲು ನನ್ನಿಂದಾಗದು.

ಅದಕ್ಕಿಂತ ದೊಡ್ಡ ಕೊರತೆ ಸ್ಯಾಕ್. ಚೆಂಡು ಹಿಡಿದು ನಿಂತು ಎದುರಾಳಿಯ ಕೈಗೆ ಸಿಕ್ಕಿಬಿದ್ದರೆ ರೇಟಿಂಗ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ರಾಜರ್ಸ್ ಆ ಸೀಸನ್ನಿನಲ್ಲಿ 36 ಸ್ಯಾಕ್‌ಗಳಲ್ಲಿ 219 ಗಜ ಕಳೆದುಕೊಂಡರು. ಚೆಂಡನ್ನು ಬೇಗ ಎಸೆದುಬಿಡುವುದರಲ್ಲಿ ನಿಪುಣರಾಗಿದ್ದ ಮ್ಯಾನಿಂಗ್‌ಗೆ ಆದದ್ದು 13 ಸ್ಯಾಕ್, 101 ಗಜ ನಷ್ಟ. ಕ್ವಾರ್ಟರ್‌ಬ್ಯಾಕನ್ನು ಕಾಯುವ ಸ್ವಂತ ತಂಡದ ತಡೆಗಾರರ ಪಾಲೂ ಇದರಲ್ಲಿದೆ, ಆದರೆ ಸ್ಯಾಕ್ ತಪ್ಪಿಸುವುದು ಪಾಸಿಂಗ್ ಕೌಶಲದ ಭಾಗವೆಂದೇ ನಾನು ನಂಬುತ್ತೇನೆ.

ಎಎನ್‌ವೈ/ಎ, ಅಂದರೆ ಪ್ರತಿ ಯತ್ನಕ್ಕೆ ಬಂದ ಹೊಂದಿಸಿದ ನಿವ್ವಳ ಗಜ, ಇದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಪಾಸಿಂಗ್ ಗಜಗಳಿಗೆ ಪ್ರತಿ ಟಚ್‌ಡೌನ್‌ಗೆ 20 ಕೂಡಿಸಿ, ಪ್ರತಿ ಇಂಟರ್‌ಸೆಪ್ಷನ್‌ಗೆ 45ನ್ನೂ ಸ್ಯಾಕ್‌ನಲ್ಲಿ ಹೋದ ಗಜಗಳನ್ನೂ ಕಳೆಯಬೇಕು. ಬಂದದ್ದನ್ನು ಪಾಸ್ ಯತ್ನ ಮತ್ತು ಸ್ಯಾಕ್‌ಗಳ ಮೊತ್ತದಿಂದ ಭಾಗಿಸಬೇಕು. ರಾಜರ್ಸ್: 4643 ಗಜ, 45 ಟಚ್‌ಡೌನ್, 6 ಇಂಟರ್‌ಸೆಪ್ಷನ್, 502 ಯತ್ನ, ಉತ್ತರ 9.39. ಮ್ಯಾನಿಂಗ್: 4557, 49, 10, 497, ಉತ್ತರ 9.78. ಕಾಗದ, ಪೆನ್ನು ಸಾಕು. ಬಂದ ಉತ್ತರವೂ ಗಜದಲ್ಲೇ ಇರುವುದರಿಂದ ಅರ್ಥಮಾಡಿಕೊಳ್ಳಲು ಸುಲಭ.

ಕ್ರೀಡಾ ವಾಹಿನಿ ಇಎಸ್‌ಪಿಎನ್ 2011ರಲ್ಲಿ ತಂದ ಕ್ವಾರ್ಟರ್‌ಬ್ಯಾಕ್ ರೇಟಿಂಗ್, ಅಂದರೆ ಕ್ಯೂಬಿಆರ್‌ನದು 0ಯಿಂದ 100ರವರೆಗಿನ ಮಾಪನ. ಡೌನ್, ಅಂತರ, ಎದುರಾಳಿಯ ಬಲ, ಓಟ ಎಲ್ಲವೂ ಅದರಲ್ಲಿವೆ. ಆದರೆ ಪೂರ್ಣ ಸೂತ್ರ ಹೊರಗಿನವರಿಗೆ ತೆರೆದಿಲ್ಲ. ನಾನೇ ಲೆಕ್ಕ ಹಾಕಿ ಪರೀಕ್ಷಿಸಲಾಗದ ಅಂಕಿಯನ್ನು ಮೊದಲ ಸಾಕ್ಷಿಯಾಗಿ ಮುಂದಿಡಲು ನನಗೆ ಮನಸ್ಸಿಲ್ಲ.

ಪಾಸಿಂಗ್‌ಗೆ ನನ್ನ ಆಯ್ಕೆ ಎಎನ್‌ವೈ/ಎ. ಚೆಂಡು ಹಿಡಿದು ತಾವೇ ಓಡಿಯೂ ಗಜ ಗಳಿಸುವ ಕ್ವಾರ್ಟರ್‌ಬ್ಯಾಕ್ ಲಾಮರ್ ಜಾಕ್ಸನ್ ಅವರಂಥವರ ವಿಷಯದಲ್ಲಿ ಮಾತ್ರ ಕ್ಯೂಬಿಆರ್ ಅನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. 2019ರಲ್ಲಿ ಅವರು ಓಡಿ ಗಳಿಸಿದ 1206 ಗಜಗಳಲ್ಲಿ ಒಂದೂ ಉಳಿದೆರಡು ಅಳತೆಗಳ ಕಣ್ಣಿಗೆ ಬೀಳುವುದಿಲ್ಲ.