ಹಿಮದ ಮೇಲೆ ಮಲಗಿಸಿದ ಎಲ್ಕ್ ಕೆಡುವುದಿಲ್ಲ ಎಂದು ನಂಬಬೇಡಿ

ಅಮೆರಿಕದ ಕೊಲೊರಾಡೋದಲ್ಲಿ ನವೆಂಬರ್ ಎಲ್ಕ್ ಬೇಟೆಗೆ ಲೈಸೆನ್ಸ್ ತೆಗೆದುಕೊಂಡಿರುವ ಕನ್ನಡಿಗರು ಯಾರಾದರೂ ಇದ್ದರೆ, ದಯವಿಟ್ಟು ಇದನ್ನು ಓದಿಕೊಂಡೇ ಹೊರಡಿ. ಹೋದ ವರ್ಷ ಒಂದು ಒಳ್ಳೆಯ ಪ್ರಾಣಿಯ ಮಾಂಸ ನನ್ನ ಕೈಯಾರೆ ಹಾಳಾಯಿತು. ಕೊಂದದ್ದನ್ನು ತಿನ್ನದೆ ಎಸೆಯುವುದು ಶಿಕಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಎಂದು ಕೇಳಿಯೇ ಬೆಳೆದವನು ನಾನು.

ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡ ನೆಂಟ. ಸೆಪ್ಟೆಂಬರಿನಿಂದ ಅಕ್ಟೋಬರ್ ಮಧ್ಯದವರೆಗೆ ಅದಕ್ಕೆ ಬೆದೆಗಾಲ. ಆಗ ಗಂಡು ಕೂಗುತ್ತದೆ, ನಮ್ಮ ಕೂಗಿಗೂ ಓಗೊಡುತ್ತದೆ. ಬೆದೆ ಮುಗಿದ ಮೇಲೆ ಸದ್ದೇ ಇರುವುದಿಲ್ಲ. ಮೇವು ಬಿಟ್ಟು ಹೆಣ್ಣುಗಳ ಹಿಂದೆ ಅಲೆದು, ಕಾದಾಡಿ, ಮೈತೂಕದ ಐದರಲ್ಲೊಂದು ಪಾಲಿನಷ್ಟು ಕಳೆದುಕೊಂಡ ದೊಡ್ಡ ಗಂಡುಗಳು ಹಿಂಡಿನಿಂದ ದೂರವಾಗುತ್ತವೆ. ಹುಲ್ಲು, ನೀರು, ದಟ್ಟ ಮರ ಮೂರೂ ಹತ್ತಿರ ಸಿಗುವ, ಮನುಷ್ಯ ಇಳಿಯಲು ಹಿಂದೆಮುಂದೆ ನೋಡುವ ಕೊರಕಲು ಹುಡುಕಿಕೊಂಡು ಹೋಗಿ ಅಲ್ಲೇ ಮೈ ತುಂಬಿಸಿಕೊಳ್ಳುತ್ತವೆ. ನಮ್ಮ ತೊಂದರೆ ಶುರುವಾದದ್ದೂ ಅಂಥ ಕೊರಕಲಿನಲ್ಲೇ.

ಮೂರನೇ ದಿನ ಸಂಜೆ ನಾಲ್ಕೂವರೆಗೆ ಗುಂಡು ಹಾರಿಸಿದೆ. ಎದೆಗೇ ಬಿತ್ತು. ಎಂಬತ್ತು ಗಜ ಓಡಿ ಉರುಳಿತು. ನಾವಿದ್ದದ್ದು ಇಬ್ಬರು. ಟ್ರಕ್ ನಿಂತಿದ್ದ ದಿಣ್ಣೆಗೆ ಒಂದೂವರೆ ತಾಸಿನ ಕಡಿದಾದ ಏರು. ತಲೆದೀಪದ ಬೆಳಕಿನಲ್ಲಿ ಹೊಟ್ಟೆ ಬಿಚ್ಚಿ ಕರುಳು ತೆಗೆಯುವಷ್ಟರಲ್ಲಿ ಇಬ್ಬರಿಗೂ ಕೈ ಮರಗಟ್ಟಿತ್ತು. ಮೈನಸ್ ಒಂಬತ್ತು ಡಿಗ್ರಿ, ಮೊಣಕಾಲುದ್ದ ಹಿಮ. ಇದಕ್ಕಿಂತ ಒಳ್ಳೆಯ ಫ್ರಿಜ್ ಎಲ್ಲಿದೆ ಎಂದುಕೊಂಡು, ಚರ್ಮ ಸುಲಿಯದೆ, ಪಕ್ಕಕ್ಕೆ ಮಲಗಿಸಿ, ಹತ್ತಿಕೊಂಡು ಹೊರಟುಬಿಟ್ಟೆವು.

ಬೆಳಿಗ್ಗೆ ಒಂಬತ್ತಕ್ಕೆ ಬಂದಾಗ ಮೇಲಿನ ಚರ್ಮ ಹಲಗೆಯ ಹಾಗೆ ಸೆಟೆದಿತ್ತು. ಸಮಾಧಾನವಾಯಿತು. ಮಗುಚಿ ನೋಡಿದರೆ ಅಡಿಯ ಹಿಮ ಕರಗಿ, ಅದರ ಮೈಯ ಅಚ್ಚಿನಷ್ಟೇ ಗುಳಿ ಬಿದ್ದಿತ್ತು. ತೊಡೆಸಂದಿಗೆ ಕೈ ಹಾಕಿದೆ. ಹದಿನಾರು ತಾಸು ಕಳೆದರೂ ಅಲ್ಲಿ ಬೆಚ್ಚಗಿತ್ತು! ಸೊಂಟದ ಕೀಲಿಗೆ ಚಾಕು ಇಳಿಸಿದಾಗ ಬಂದ ನಾತ ಇನ್ನೂ ಮೂಗಿನಲ್ಲಿದೆ. ಮೂಳೆಯ ಸುತ್ತ ಮಾಂಸ ಹಸಿರುಗಟ್ಟಿದ ಬೂದಿ ಬಣ್ಣಕ್ಕೆ ತಿರುಗಿತ್ತು.

ಮುನ್ನೂರು ಕೆಜಿ ಹತ್ತಿರದ ಮೈ, ದಪ್ಪ ಚರ್ಮ, ಅದರ ಮೇಲೆ ಚಳಿಗಾಲದ ದಟ್ಟ ಕೂದಲು. ಒಳಗಿನ ಕಾವು ಹೊರಗೆ ಬರುವ ದಾರಿಯೇ ಇಲ್ಲ. ಅಡಿಯ ಹಿಮವೂ ಕಂಬಳಿಯ ಹಾಗೆ ಕಾವನ್ನು ಹಿಡಿದಿಡುತ್ತದೆ. ಮೊದಲು ಕೆಡುವುದು ದಪ್ಪ ಮಾಂಸದೊಳಗಿನ ಸೊಂಟದ ಕೀಲು. ಎಷ್ಟೇ ಸುಸ್ತಾಗಿರಲಿ, ಅದೇ ರಾತ್ರಿ ಚರ್ಮ ಸುಲಿದು, ನಾಲ್ಕೂ ಕಾಲು ಬೇರೆ ಮಾಡಿ, ಬಟ್ಟೆಚೀಲದಲ್ಲಿ ಹಾಕಿ ಕೊಂಬೆಗೆ ಕಟ್ಟಿ. ಕೊಂಬೆ ಇಲ್ಲದಿದ್ದರೆ ಮರದ ದಿಮ್ಮಿಗಳ ಮೇಲೆ ಗಾಳಿಯಾಡುವಂತೆ ಇಡಿ. ಅದೂ ಆಗದಿದ್ದರೆ ತೊಡೆಯನ್ನು ಮೂಳೆಯವರೆಗೆ ಸೀಳಿ ಕೀಲನ್ನಾದರೂ ತೆರೆದಿಡಿ. ಗಂಡೋ ಹೆಣ್ಣೋ ತಿಳಿಯುವ ಗುರುತನ್ನು ಮಾತ್ರ ಮಾಂಸದಿಂದ ಬೇರ್ಪಡಿಸಬೇಡಿ, ಅಲ್ಲಿ ಅದು ಕಾನೂನು.

ಮಲೆನಾಡಿನ ನಮ್ಮೂರಲ್ಲಿ, 1972ರ ವನ್ಯಜೀವಿ ಕಾಯ್ದೆ ಬರುವ ಮುಂಚೆ, ಹಂದಿ ಬಿದ್ದರೆ ಎಷ್ಟು ಹೊತ್ತಾದರೂ ಅದೇ ರಾತ್ರಿ ಪಾಲು ಹಾಕಿ ಮುಗಿಸುತ್ತಿದ್ದರಂತೆ. ಅಜ್ಜ ಹೇಳುತ್ತಿದ್ದರು. ನ್ಯಾಯವಾಗಿ ಹಂಚುವ ಆತುರ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಕಾವಿನ ಲೆಕ್ಕವೂ ಅವರಿಗೆ ಗೊತ್ತಿತ್ತು.

ಹೊರುವುದರ ಬಗ್ಗೆಯೂ ಒಂದು ಮಾತು. ಮೂಳೆಸಹಿತ ಒಂದು ಹಿಂಗಾಲೇ ಮೂವತ್ತು ಕೆಜಿ ಹತ್ತಿರ. ಒಂಬತ್ತು ಸಾವಿರ ಅಡಿ ಎತ್ತರದಲ್ಲಿ, ಹಿಮದಲ್ಲಿ, ಅಷ್ಟು ಹೊತ್ತು ಏರಲು ನಮಗೆ ಎರಡು ದಿನ ಹಿಡಿಯಿತು. ಕೊನೆಗೆ ಮಾಂಸ ಕತ್ತರಿಸಿಕೊಡುವವರ ಹತ್ತಿರ ಒಯ್ದೆವು. ಅಲ್ಲಿಯ ಹಿರಿಯರು ಚಾಕುವನ್ನು ಮೂಳೆಯವರೆಗೆ ಚುಚ್ಚಿ, ಹೊರಗೆಳೆದು ಮೂಸಿ, ಏನೂ ಹೇಳದೆ ಆ ತೊಡೆಯನ್ನು ಬದಿಗೆ ಸರಿಸಿದರು. ಇನ್ನೊಂದು ತೊಡೆಯಲ್ಲೂ ಅರ್ಧ ಹೋಯಿತು.

ಈ ವರ್ಷವೂ ಲೈಸೆನ್ಸ್ ಸಿಕ್ಕಿದೆ. ಹಗ್ಗ, ಚೀಲ, ಎರಡು ಚಾಕು ಈಗಲೇ ತುಂಬಿಟ್ಟಿದ್ದೇನೆ. ಮಧ್ಯಾಹ್ನ ಎರಡರ ಮೇಲೆ ಯಾವ ಕೊರಕಲಿಗೂ ಇಳಿಯುವುದಿಲ್ಲ ಎಂದು ಗೆಳೆಯನಿಗೂ ಹೇಳಿಬಿಟ್ಟಿದ್ದೇನೆ.