ಅಪ್ಪನ ಹರ್ನಿಯಾಕ್ಕೆ ಮೂರು ಆಸ್ಪತ್ರೆ ಸುತ್ತಿದ್ದು

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ರ. ಅಡಿಕೆ ಗೋಣಿ ಎತ್ತುವ ಚಟ ಅಪ್ಪ ಬಿಡ್ಲೇ ಇಲ್ಲ, ಕೊನೆಗೆ ಹರ್ನಿಯಾ ಆಪರೇಷನ್ ಆಗ್ಲೇಬೇಕು ಅಂತಾಯ್ತು. ಅರ್ಜೆಂಟ್ ಇರ್ಲಿಲ್ಲ, ಹಾಗಾಗಿ ಮೂರು ಕಡೆ ಕೇಳಿದೆ.

ಮೊದ್ಲು ನಮ್ಮ ಜಿಲ್ಲೆಯದ್ದೇ ಒಂದು ಸರ್ಕಾರಿ ಆಸ್ಪತ್ರೆ. ಡಾಕ್ಟ್ರು ಒಳ್ಳೆಯವ್ರು, ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಆದ್ರೆ ಡೇಟ್ ಕೊಟ್ಟದ್ದು ಎರಡು ತಿಂಗಳು ಬಿಟ್ಟು. ಮತ್ತೆ ಅಪ್ಪನ ಮಲಯಾಳ ಮೀನು ಮಾರ್ಕೆಟಿಗೆ ಸಾಕು, ನೋವು ಚುಚ್ಚಿದ ಹಾಗೆಯಾ ಎಳೆದ ಹಾಗೆಯಾ ಅಂತ ಕೇಳಿದ್ರೆ ನನ್ನ ಮುಖ ನೋಡ್ತಾರೆ.

ಎರಡನೇದು ಮಂಗಳೂರಿನ ಒಂದು ಪ್ರೈವೇಟ್. ಲಿಫ್ಟ್, ಏಸಿ, ಕನ್ನಡ ತುಳು ಎಲ್ಲಾ ಉಂಟು. ಕೌಂಟರಿನಲ್ಲಿ ಪ್ಯಾಕೇಜ್ 60 ಸಾವಿರ ಅಂದ್ರು, ನಾನು ಖುಷಿಯಲ್ಲಿ ಎದ್ದವ ಬಾಗಿಲ ಹತ್ರ ತಿರುಗಿ ಎಲ್ಲಾ ಸೇರಿಯಾ ಅಂತ ಕೇಳಿದೆ, ಆಗ ನೋಡಿ, ಒಳಗೆ ಹಾಕುವ ಮೆಶ್ ಅನ್ನುವ ಬಲೆ ಬೇರೆಯಂತೆ, ಇಸಿಜಿ ರಕ್ತ ಪರೀಕ್ಷೆ ಬೇರೆಯಂತೆ, ಅನಸ್ತೇಷಿಯಾ ಡಾಕ್ಟ್ರ ಫೀಸೂ ಬೇರೆಯಂತೆ. ಹರ್ನಿಯಾಕ್ಕೆ ಮೆಶ್ ಹಾಕುದು ಮಾಮೂಲು ಮಾರಾಯ್ರೆ, ಅದು ಬಿಟ್ಟು ಪ್ಯಾಕೇಜ್ ಎಂತದ್ದು? ದೋಸೆಗೆ ಹಿಟ್ಟು ಬೇರೆ ಅಂದ ಹಾಗೆ. ನಮ್ಮ ಕೈಯಲ್ಲಿದ್ದ ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ಯೋಜನೆಯ ಕಾರ್ಡೂ ಅಲ್ಲಿ ನಡೀಲಿಲ್ಲ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಸಿಗ್ತದೆ ಹೌದು, ಆದ್ರೆ ಗಡಿ ದಾಟುವವ್ರು ಆ ಆಸ್ಪತ್ರೆಯಲ್ಲಿ, ಆ ಆಪರೇಷನ್ನಿಗೆ ನಡೀತದಾ ಅಂತ ಇನ್ಶೂರೆನ್ಸ್ ಡೆಸ್ಕಿನಲ್ಲಿ ಮೊದ್ಲೇ ಕೇಳಿ, ಅಡ್ಮಿಟ್ ಆದ್ಮೇಲೆ ಅಲ್ಲ.

ಕೊನೆಗೆ ಮಾಡ್ಸಿದ್ದು ಮಂಗಳೂರು ಹತ್ರದ ದೇರಳಕಟ್ಟೆಯ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ. ಜನರಲ್ ವಾರ್ಡ್, ಮೆಶ್ ಸೇರಿಸಿ ಎಸ್ಟಿಮೇಟ್ ಕಾಗದದಲ್ಲೇ ಬರ್ದು ಕೊಟ್ರು, ಬಿಲ್ಲು ಅದ್ರ ಆಚೆ ಹೋಗ್ಲಿಲ್ಲ. ಕಷ್ಟ ಅಂದ್ರೆ ಸ್ಟೂಡೆಂಟ್ಸು, ಒಬ್ರಾದ ಮೇಲೆ ಒಬ್ರು ಬಂದು ಕೆಮ್ಮಿ ಕೆಮ್ಮಿ ಅಂತಾರೆ, ಅಪ್ಪ ಕೊನೆಗೆ ನನ್ನ ಹೊಟ್ಟೆ ಎಂತ ಟೆಕ್ಸ್ಟ್ ಬುಕ್ಕಾ ಅಂತ ರೇಗಿದ್ರು. ತಮಾಷೆ ಕೇಳಿ, ಕನ್ನಡ ಸಿಗ್ತದೆ ಅಂತ ಗಡಿ ದಾಟಿ ಹೋದ್ರೆ ವಾರ್ಡಿನ ಹುಡುಗಿ ಡಾಕ್ಟ್ರು ಮಲಯಾಳಿ! ಪುನಃ ನಾನೇ ತರ್ಜುಮೆ.

2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದದ್ದು ಅಮ್ಮ ಮರ್ತಿಲ್ಲ, ದೂರ ಯಾಕೆ ಅಂತ ಮೊದಲಿಂದ ಹೇಳ್ತಿದ್ರು. ಅವ್ರ ಮಾತು ಕೇಳಿ ಹೊಲಿಗೆ ತೆಗ್ಸಲಿಕ್ಕೆ ಪುನಃ ದೇರಳಕಟ್ಟೆಗೆ ಹೋಗ್ಲಿಲ್ಲ, ಡಾಕ್ಟ್ರ ಹತ್ರ ಕೇಳಿ ಡಿಸ್ಚಾರ್ಜ್ ಚೀಟಿ ಹಿಡ್ಕೊಂಡು ಊರಿನ ಆರೋಗ್ಯ ಕೇಂದ್ರದಲ್ಲೇ ತೆಗ್ಸಿದ್ದು. ಹತ್ತು ನಿಮಿಷದ ಕೆಲ್ಸ, ನರ್ಸ್ ಕನ್ನಡದವ್ರೇ.